ಲಾರಿಯ ಗುತ್ತಿಗೆಯೂ ಮನೆಯ ಲೆಕ್ಕವೂ

ಒಕ್ಕಲು ಮನೆಯಲ್ಲಿ ಹುಟ್ಟಿದವನಿಗೆ ಸ್ವಂತ ನೆಲದ ಮೇಲೆ ಎಷ್ಟು ಆಸೆಯುಂಟೋ, ಲಾರಿಯ ಚಕ್ರವನ್ನು ಹಿಡಿದು ಬಾಳುವವನಿಗೆ ಸ್ವಂತ ಲಾರಿಯ ಮೇಲೆ ಅಷ್ಟೇ ಆಸೆಯಿರುವುದು ಸಹಜವಾದುದು. ಪರರ ಗಾಡಿಯನ್ನು ಎಷ್ಟು ವರ್ಷ ನಡೆಸಿದರೂ, ನಡೆಸಿದವನಿಗೆ ಉಳಿಯುವುದು ಸಂಬಳವೇ ಹೊರತು ಗಾಡಿಯಲ್ಲ. ಈ ಆಸೆಯನ್ನು ದುರಾಸೆಯೆನ್ನುವವರು ಲೋಕವನ್ನರಿಯದವರು. ಆದರೆ ಆಸೆಯು ಯುಕ್ತವಾದ ಮಾತ್ರಕ್ಕೆ, ಅದನ್ನು ತೀರಿಸುವೆನೆಂದು ಎದುರಿಗೆ ಬಂದ ದಾರಿಯೆಲ್ಲವೂ ಯುಕ್ತವಾಗಲಾರದು. 2025ನೆಯ ಇಸವಿಯಲ್ಲಿ ನಮ್ಮ ಮನೆಯವರೆಲ್ಲರೂ ಆರು ತಿಂಗಳ ಕಾಲ ಈ ವಿಷಯವನ್ನೇ ಯೋಚಿಸಬೇಕಾಯಿತು. ನಮ್ಮಂತಹ ಗೃಹಸ್ಥರು ನಾಡಿನಲ್ಲಿ ಅನೇಕರಿರುವುದರಿಂದ, ನಾವು ಯೋಚಿಸಿದ ಬಗೆಯನ್ನು ವಾಚಕರ ಮುಂದಿಡುವುದು ನಿಷ್ಪ್ರಯೋಜನವಾಗಲಾರದೆಂದು ಭಾವಿಸುತ್ತೇವೆ.

ನಮ್ಮ ಊರು ಸಿರಾ ಸೀಮೆಯದು. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿಗಳ ಮೇಲೆ ಮುಂಬಯಿಗೆ ಹೋಗುವ ಹೆದ್ದಾರಿಯು ನಮ್ಮ ಹೊಲಗಳಿಗೆ ದೂರವಲ್ಲ. ನಾವು ಶಾಲೆಯಲ್ಲಿ ಪಾಠ ಹೇಳಿಕೊಂಡು ಮನೆಯ ಲೆಕ್ಕವನ್ನಿಡುವವರು. ನಮ್ಮ ತಮ್ಮನು ಹದಿನೇಳು ವರ್ಷಗಳಿಂದ ಅದೇ ಹೆದ್ದಾರಿಯಲ್ಲಿ ಲಾರಿ ನಡೆಸುವವನು. ಅವನಿಗೆ ಸಂಬಳವೂ ಭತ್ಯವೂ ಸೇರಿ ತಿಂಗಳಿಗೆ 25,000 ರೂಪಾಯಿ ಬರುತ್ತಿದ್ದಿತು. ಆ ವರ್ಷದ ಮೇ ತಿಂಗಳಲ್ಲಿ ಲಾರಿಗಳ ಒಡೆಯರೊಬ್ಬರು ಅವನನ್ನು ಕರೆದು, "ಇನ್ನೆಷ್ಟು ದಿನ ಆಳಾಗಿರುವೆ? ನನ್ನ ಹತ್ತು ಚಕ್ರದ ಲಾರಿಯನ್ನು ಗುತ್ತಿಗೆಗೆ ತೆಗೆದುಕೋ, ಮೂರು ವರ್ಷವಾದರೆ ಅದು ನಿನ್ನದೇ" ಎಂದರು. ತಮ್ಮನು ಆ ಮಾತನ್ನು ಮನೆಗೆ ತಂದ ದಿನ ಅವನ ಮುಖದಲ್ಲಿ ಕಂಡ ಕಳೆಯು ನಮಗೂ ಸಂತೋಷವನ್ನುಂಟುಮಾಡಿತು. ಆದುದರಿಂದಲೇ ಕರಾರನ್ನು ಎರಡು ಸಲ ಓದಬೇಕೆಂದು ನಿಶ್ಚಯಿಸಿದೆವು.

ಕರಾರು ಹೀಗಿದ್ದಿತು. ಲಾರಿಯು 2020ರ ಕೊನೆಯಲ್ಲಿ ಕೊಂಡದ್ದು. ಮುಂಗಡ 1,50,000 ರೂಪಾಯಿ; ಆಮೇಲೆ ತಿಂಗಳಿಗೆ 42,000ದಂತೆ 36 ಕಂತುಗಳು. ಸರಕನ್ನು ಒಡೆಯರ ಕಚೇರಿಯೇ ಗೊತ್ತುಮಾಡಿಕೊಟ್ಟು ಬಾಡಿಗೆಯಲ್ಲಿ ನೂರಕ್ಕೆ 10ರಂತೆ ಹಿಡಿದುಕೊಳ್ಳುವುದು. ಡೀಸೆಲ್, ಸುಂಕ, ವಿಮೆ, ಪರವಾನಗಿ, ಟೈರು, ರಿಪೇರಿಗಳೆಲ್ಲವೂ ಗುತ್ತಿಗೆದಾರನವು. ಯಾವುದೇ ತಿಂಗಳ ಕಂತು ತಪ್ಪಿದರೆ ಲಾರಿಯು ಒಡೆಯರಿಗೆ ಹಿಂದಿರುಗತಕ್ಕದ್ದು. ಅದುವರೆಗೆ ಕೊಟ್ಟ ಹಣವೆಲ್ಲವೂ ಬಾಡಿಗೆಯೆಂದು ಭಾವಿಸಲ್ಪಡತಕ್ಕದ್ದು.

ಇದರೊಡನೆ ಒಡೆಯರು ಒಂದು ಲೆಕ್ಕದ ಚೀಟಿಯನ್ನೂ ಕೊಟ್ಟಿದ್ದರು. ಬೆಂಗಳೂರಿನಿಂದ ಮುಂಬಯಿಗೆ ಹೋಗಿಬರುವುದು ಸುಮಾರು 2,000 ಕಿಲೋಮೀಟರು. ಹೋಗುವ ಬರುವ ಬಾಡಿಗೆಗಳು ಸೇರಿ 95,000 ರೂಪಾಯಿ. ಅದರಲ್ಲಿ ಕಚೇರಿಯ ಪಾಲು 9,500; ಡೀಸೆಲ್ 500 ಲೀಟರಿಗೆ 91ರಂತೆ 45,500; ಹೊಗೆಯನ್ನು ಶುದ್ಧಿಮಾಡಲು ತುಂಬಿಸುವ ಯೂರಿಯಾ ದ್ರವಕ್ಕೆ 1,500; ಹೆದ್ದಾರಿಯ ಸುಂಕ 12,000; ಊಟ, ಕ್ಲೀನರು, ಹಮಾಲಿ ಮುಂತಾದುವಕ್ಕೆ 6,500. ಉಳಿಯುವುದು 20,000. ತಿಂಗಳಿಗೆ ಐದು ಸುತ್ತೆಂದರೆ ಒಂದು ಲಕ್ಷ. ಅದರಲ್ಲಿ ಕಂತು 42,000ವನ್ನೂ, ವಿಮೆ ಪರವಾನಗಿಗಳ ಬಾಬ್ತು 9,000ವನ್ನೂ ಕಳೆದರೆ 49,000 ರೂಪಾಯಿ ಚಾಲಕನ ಪಾಲು. ಇದು ಅವನ ಸಂಬಳದ ಹತ್ತಿರಹತ್ತಿರ ಎರಡರಷ್ಟು.

ಈ ಚೀಟಿಯಲ್ಲಿ ಬರೆದಿದ್ದ ಯಾವ ಅಂಕೆಯೂ ಸುಳ್ಳಾಗಿರಲಿಲ್ಲ. ಬರೆಯದೆ ಬಿಟ್ಟಿದ್ದ ಅಂಕೆಗಳು ಮಾತ್ರ ಕೆಲವಿದ್ದವು. ಹತ್ತು ಟೈರುಗಳು ಸವೆಯುವುದನ್ನು ಕಿಲೋಮೀಟರಿಗೆ 2 ರೂಪಾಯಿಯಂತೆ ತಮ್ಮನೇ ಅಂದಾಜುಮಾಡಿದನು. ಐದು ಸುತ್ತಿಗೆ 20,000 ಆಯಿತು. ಐದು ವರ್ಷದ ಯಂತ್ರಕ್ಕೆ ರಿಪೇರಿಯೆಂದು ತಿಂಗಳಿಗೆ 6,000ವಾದರೂ ಬೇಕು. ಆಗ 49,000ವು 23,000ಕ್ಕೆ ಇಳಿಯಿತು. ಅಂದರೆ ಒಡೆಯರು ಹೇಳಿದಷ್ಟು ಸುತ್ತುಗಳನ್ನು ಹೊಡೆದರೂ ಈಗಿನ ಸಂಬಳಕ್ಕಿಂತ 2,000 ಕಡಮೆಯೇ. ಆದರೂ ತಮ್ಮನ ಮಾತಿನಲ್ಲಿ ನ್ಯಾಯವಿದ್ದಿತು. "ಮೂರು ವರ್ಷ ಬಿಗಿಯಾಗಿ ಬಾಳಿದರೆ ಕೊನೆಗೆ ಲಾರಿಯೊಂದು ನಮ್ಮದಾಗುವುದಲ್ಲವೆ? ಸಂಬಳದ ಮೂರು ವರ್ಷಗಳ ಕೊನೆಯಲ್ಲಿ ನಮ್ಮದಾಗುವುದೇನು?" ಎಂದು ಅವನು ಕೇಳಿದನು. ಈ ಪ್ರಶ್ನೆಗೆ ಬಾಯಿಮಾತಿನ ಬುದ್ಧಿವಾದವು ಉತ್ತರವಾಗದು.

ಹೀಗಾಗಿ ಮನೆಯವರೆಲ್ಲರೂ ಒಪ್ಪಿ ಒಂದು ಏರ್ಪಾಡನ್ನು ಮಾಡಿಕೊಂಡೆವು. ಆರು ತಿಂಗಳ ಕಾಲ ತಮ್ಮನು ಸಂಬಳದ ಲಾರಿಯನ್ನೇ ನಡೆಸತಕ್ಕದ್ದು; ಆದರೆ ಅದು ತನ್ನ ಗುತ್ತಿಗೆಯದೇ ಎಂಬಂತೆ ಪ್ರತಿಯೊಂದು ಸುತ್ತಿನ ಹುಟ್ಟುವಳಿ ವೆಚ್ಚಗಳನ್ನೂ, ಹೊರಟ ದಿನ ಬಂದ ದಿನಗಳನ್ನೂ ಒಂದು ಪುಸ್ತಕದಲ್ಲಿ ಬರೆಯತಕ್ಕದ್ದು. ಜೂನಿನಿಂದ ನವೆಂಬರಿನವರೆಗೆ ಹೀಗೆ ನಡೆಯಿತು. ಒಡೆಯರು ಅವಸರಪಡಿಸಲಿಲ್ಲ. ಇಂತಹ ಲಾರಿಗಳು ತಮ್ಮಲ್ಲಿ ಇನ್ನೂ ಎರಡು ಇವೆಯೆಂದರು.

ಪುಸ್ತಕವು ತೋರಿಸಿದುದೇನೆಂದರೆ, ಆರು ತಿಂಗಳಲ್ಲಿ ಆದ ಸುತ್ತುಗಳು 30 ಅಲ್ಲ, 19. ತಮ್ಮನು ಸೋಮಾರಿಯೆಂದಲ್ಲ. ದಾರಿಯಲ್ಲಿ ಕಳೆದ ದಿನಗಳಿಗಿಂತ ಕಾಯುವುದರಲ್ಲಿ ಕಳೆದ ದಿನಗಳೇ ಹೆಚ್ಚು. ಭಿವಂಡಿಯ ಗೋದಾಮುಗಳ ಮುಂದೆ ಸರಕಿಳಿಸಲು ಎರಡು ದಿನ. ಕಲಂಬೋಳಿಯಲ್ಲಿ ಹಿಂದಿರುಗುವ ಸರಕಿಗಾಗಿ ಮೂರು ದಿನ. ಮಳೆಗಾಲದಲ್ಲಿ ಘಟ್ಟದ ಮೇಲೆ ಒಂದು ರಾತ್ರಿ. 19 ಸುತ್ತುಗಳಿಂದ ಉಳಿಯುವುದು 3,80,000. ಕಂತು, ವಿಮೆ, ಪರವಾನಗಿ, ರಿಪೇರಿಗಳು ಆರು ತಿಂಗಳಿಗೆ 3,42,000, ಟೈರಿನ ಬಾಬ್ತು 76,000, ಒಟ್ಟು 4,18,000. ಮನೆಗೆ ಒಂದು ಕಾಸೂ ಬಾರದೆ, ಮೇಲೆ 38,000 ಕೈಯಿಂದ ಕೊಡಬೇಕು. ಬಾರದೆ ಹೋಗುವ ಸಂಬಳ 1,50,000ವನ್ನೂ ಸೇರಿಸಿದರೆ ಆರು ತಿಂಗಳ ಅಂತರವು 1,88,000 ರೂಪಾಯಿ.

ಸುತ್ತುಗಳನ್ನು ಹೆಚ್ಚಿಸಬಾರದೆ ಎಂದು ವಾಚಕರು ಕೇಳಬಹುದು. ನಾಲ್ಕು ಸುತ್ತಾದರೆ ತಿಂಗಳಿಗೆ 7,000 ಉಳಿಯುವುದು, ಐದಾದರೆ 23,000. ಹಾಗಾದರೆ ಆ ಐದನೆಯ ಸುತ್ತು ಎಲ್ಲಿಂದ ಬರತಕ್ಕದ್ದು? ಗಂಟೆಗೆ 40 ಕಿಲೋಮೀಟರಿನಂತೆ 2,000 ಕಿಲೋಮೀಟರಿಗೆ 50 ಗಂಟೆ. ಐದು ಸುತ್ತಿಗೆ 250 ಗಂಟೆ. ಸರಕು ತುಂಬಿಸುವ, ಇಳಿಸುವ, ಕಾಯುವ ಹೊತ್ತು ಇದಕ್ಕೆ ಸೇರಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯೆಂದು ಮಿತಿಯನ್ನು ವಿಧಿಸಿದ್ದಿತು. ದೂರದ ಮಾರ್ಗಗಳಲ್ಲಿ ಕೂಡ ದಿನಕ್ಕೆ 10, ವಾರಕ್ಕೆ 54 ಗಂಟೆಗಳನ್ನು ಮೀರಕೂಡದೆಂದಿದ್ದಿತು. ಆ ಲೆಕ್ಕದಂತೆ ತಿಂಗಳಿಗೆ ಹೆಚ್ಚೆಂದರೆ 230 ಗಂಟೆಗಳಾದವು. ತನ್ನದೇ ಗುತ್ತಿಗೆಯನ್ನು ಹಿಡಿದವನಿಗೆ "ಸಾಕು, ಮಲಗು" ಎಂದು ಹೇಳುವ ಒಡೆಯನೂ ಇಲ್ಲ. ಐದನೆಯ ಸುತ್ತು ಬರಬೇಕಾದದ್ದು ಅವನ ನಿದ್ರೆಯಿಂದಲೇ. ಇಲ್ಲಿಗೆ ಬಂದಾಗ ನಮ್ಮ ತಾಯಿಯವರು ಲೆಕ್ಕವನ್ನು ನಿಲ್ಲಿಸಿರೆಂದರು. ಸೇತುವೆಯ ಕಟ್ಟೆಗೆ ಬಡಿದು ನಿಂತ ಲಾರಿಗಳನ್ನು ಹೆದ್ದಾರಿಯ ಪಕ್ಕದಲ್ಲಿ ಬಾಳುವವರು ಬಹಳ ಕಂಡಿರುತ್ತಾರೆ.

ಹಣದ ಬೆಲೆಯನ್ನೂ ನೋಡಿದೆವು. ಅಂತಹ ಲಾರಿಯು ಪೇಟೆಯಲ್ಲಿ 13 ಲಕ್ಷಕ್ಕೆ ದೊರೆಯುತ್ತಿದ್ದಿತು. ಕರಾರಿನಂತೆ ನಾವು ಕೊಡಬೇಕಾದುದು 16,62,000. ವರ್ಷಕ್ಕೆ ನೂರಕ್ಕೆ ಸುಮಾರು 19ರ ಬಡ್ಡಿಯಾಯಿತು. 2025ರ ಸೆಪ್ಟೆಂಬರಿನಲ್ಲಿ ಲಾರಿಗಳ ಮೇಲಿನ ಸರಕು ಸೇವಾ ತೆರಿಗೆಯು ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯದಿರದು. ಕರಾರಿನ ಕಂತು ಮಾತ್ರ ಇಳಿಯುವುದಿಲ್ಲ. ಮೂರು ವರ್ಷಗಳ ಕೊನೆಗೆ ಲಾರಿಗೆ ಎಂಟು ವರ್ಷ ತುಂಬುವುದು. ಅಲ್ಲಿಂದ ಮುಂದೆ ಯೋಗ್ಯತಾ ಪತ್ರವನ್ನು ಎರಡು ವರ್ಷಕ್ಕೊಮ್ಮೆಯಲ್ಲ, ವರ್ಷವರ್ಷವೂ ಪಡೆಯಬೇಕು.

ಬಡ್ಡಿಗಿಂತಲೂ ನಮ್ಮನ್ನು ಹೆಚ್ಚು ಯೋಚನೆಗೀಡುಮಾಡಿದುದು ಕಂತು ತಪ್ಪಿದರೆಂಬ ಷರತ್ತು. 1988ರ ಮೋಟಾರು ವಾಹನಗಳ ಕಾಯಿದೆಯ 51ನೆಯ ಪ್ರಕರಣದಂತೆ, ಕಂತಿನ ಕರಾರಿನಲ್ಲಾಗಲಿ ಗುತ್ತಿಗೆಯಲ್ಲಾಗಲಿ ಇರುವ ವಾಹನದ ನೋಂದಣಿ ಪತ್ರದಲ್ಲಿ ಆ ಕರಾರನ್ನು ದಾಖಲೆಮಾಡಲು ಅವಕಾಶವುಂಟು. ನಮಗೆ ಬಂದ ಕರಾರಿನಲ್ಲಿ ಅಂತಹದೇನೂ ಇರಲಿಲ್ಲ. ಲಾರಿಯು ಕೊನೆಯ ಕಂತಿನವರೆಗೂ ಒಡೆಯರ ಹೆಸರಿನಲ್ಲಿಯೇ; ನಾವು ಕೊಟ್ಟ ಹಣಕ್ಕೆ ಸರ್ಕಾರದ ಯಾವ ಪುಸ್ತಕದಲ್ಲಿಯೂ ಗುರುತಿಲ್ಲ. 35 ಕಂತು ಕಟ್ಟಿದವನೂ ಒಂದೇ ಕಂತು ಕಟ್ಟಿದವನೂ ಈ ಕರಾರಿನ ಮುಂದೆ ಸಮಾನರು. ಕಂತು ತಪ್ಪುವುದಕ್ಕೆ ಚಾಲಕನ ದೋಷವೇ ಬೇಕಾಗಿಲ್ಲ. 2025ರ ಏಪ್ರಿಲಿನಲ್ಲಿ ಡೀಸೆಲ್ ದರದ ಏರಿಕೆಯನ್ನು ವಿರೋಧಿಸಿ ಕರ್ನಾಟಕದ ಲಾರಿ ಮಾಲೀಕರು ಮುಷ್ಕರ ಹೂಡಿದಾಗ ಗಾಡಿಗಳು ನಿಂತವು. 2020ರಲ್ಲಿ ಕೋವಿಡ್ ರೋಗವು ಬಂದಾಗ ದೇಶವೇ ನಿಂತಿತು. ಆಗ ರಿಸರ್ವ್ ಬ್ಯಾಂಕು ಮಾರ್ಚ್ 1ರಿಂದ ಆಗಸ್ಟ್ 31ರವರೆಗಿನ ಕಂತುಗಳನ್ನು ಮುಂದೂಡಲು ಬ್ಯಾಂಕುಗಳಿಗೂ ಹಣಕಾಸು ಸಂಸ್ಥೆಗಳಿಗೂ ಅವಕಾಶಕೊಟ್ಟಿತು. ಖಾಸಗಿ ಗುತ್ತಿಗೆಯ ಚೀಟಿಗೆ ಅಂತಹ ರಕ್ಷೆಯು ಎಲ್ಲಿಂದ ಬರಬೇಕು?

ಅಕ್ಟೋಬರಿನಲ್ಲಿ ಒಂದು ಸುದ್ದಿ ಬಂದಿತು. ನಮಗೆ ಹೇಳಿದ್ದ ಆ ಲಾರಿಯನ್ನೇ ಬೇರೊಬ್ಬ ಚಾಲಕನು ಮುಂಗಡಕೊಟ್ಟು ಹಿಡಿದಿದ್ದನಂತೆ. ಗೇರುಪೆಟ್ಟಿಗೆಯು ಒಡೆದು ಹದಿನೆಂಟು ದಿನ ಗಾಡಿ ನಿಂತು, ನಾಲ್ಕನೆಯ ಕಂತು ತಪ್ಪಿ, ಲಾರಿಯು ಒಡೆಯರ ಅಂಗಳಕ್ಕೆ ಹಿಂದಿರುಗಿತು. ಅವನ ಮುಂಗಡವೂ ಹಿಂದಿರುಗಲಿಲ್ಲ, ರಿಪೇರಿಗೆ ಅವನು ಹಾಕಿದ ಹಣವೂ ಹಿಂದಿರುಗಲಿಲ್ಲ. ಮರುವಾರವೇ ಅದೇ ಲಾರಿಯು, ಹೊಸ ಗೇರುಪೆಟ್ಟಿಗೆಯೊಡನೆ, ಹಳೆಯ ಷರತ್ತುಗಳ ಮೇಲೆ, ತಿರುಗಿ ನಮ್ಮ ತಮ್ಮನಿಗೇ ಬಂದಿತು. ಅಂದು ರಾತ್ರಿ ಅವನು ಊಟಮಾಡುವಾಗ ಒಂದು ಮಾತನ್ನೂ ಆಡಲಿಲ್ಲ.

ಇದು ನಮ್ಮ ಸೀಮೆಯೊಂದರ ಸಂಗತಿಯಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಸರಕು ಸಾಗಿಸುವ ಕಂಪೆನಿಗಳು ತಮ್ಮ ಚಾಲಕರಿಗೇ ಲಾರಿಯನ್ನು ಗುತ್ತಿಗೆಗೆ ಕೊಟ್ಟು, ಬಾಡಿಗೆಯಲ್ಲಿ ಕಂತನ್ನು ಮುರಿದುಕೊಳ್ಳುವ ಪದ್ಧತಿಯು ಬಹುಕಾಲದಿಂದ ಉಂಟು. ಅಲ್ಲಿಯ 2021ರ ಒಂದು ಕಾಯಿದೆಯ ಮೇರೆಗೆ ನೇಮಕವಾದ ವಿಚಾರಣಾ ಮಂಡಲಿಯು 2025ರ ಜನವರಿಯಲ್ಲಿ ವರದಿಯನ್ನೊಪ್ಪಿಸಿ, ಕೊನೆಯವರೆಗೆ ಕಂತು ಕಟ್ಟಿ ಲಾರಿಯನ್ನು ತನ್ನದಾಗಿಸಿಕೊಳ್ಳುವ ಚಾಲಕರು ಅತ್ಯಲ್ಪವೆಂದೂ, ಇಂತಹ ಕೊಳ್ಳುವ ಗುತ್ತಿಗೆಗಳನ್ನು ನಿಷೇಧಿಸಬೇಕೆಂದೂ ಹೇಳಿತು. ಸರಕನ್ನು ಕೊಡುವ ಕೈಯೂ ಕಂತನ್ನು ವಸೂಲುಮಾಡುವ ಕೈಯೂ ಒಂದೇ ಆದಲ್ಲಿ, ಚಾಲಕನು ಹೆಸರಿಗೆ ಒಡೆಯನಾಗಿ ನಿಜದಲ್ಲಿ ಮೊದಲಿಗಿಂತ ಹೆಚ್ಚಿನ ಆಳಾಗುವನು.

ಗದಗಿನಲ್ಲಿ 1976ರಲ್ಲಿ ಒಂದೇ ಲಾರಿಯಿಂದಾರಂಭಿಸಿ ಸಾವಿರಾರು ವಾಹನಗಳ ಸಂಸ್ಥೆಯನ್ನು ಕಟ್ಟಿದ ವಿಜಯ ಸಂಕೇಶ್ವರರ ಹೆಸರನ್ನು ಈ ಸಂದರ್ಭದಲ್ಲಿ ಹೇಳದವರಿಲ್ಲ. ನಮ್ಮ ತಮ್ಮನೂ ಹೇಳಿದನು. ಅಂತಹ ಸಾಹಸವು ಗೌರವಕ್ಕೆ ಪಾತ್ರವಾದುದೇ ಸರಿ. ಆದರೆ ದಡ ಸೇರಿದವರ ಹೆಸರು ಊರೂರಿಗೂ ಕೇಳಿಸುವುದು; ನಡುಹೊಳೆಯಲ್ಲಿ ಉಳಿದವರ ಹೆಸರು ಅವರ ಮನೆಯ ಹೊಸ್ತಿಲನ್ನೂ ದಾಟುವುದಿಲ್ಲ. ಲೆಕ್ಕ ಮಾಡುವಾಗ ಇಬ್ಬರನ್ನೂ ಎಣಿಸತಕ್ಕದ್ದು ಗೃಹಸ್ಥನ ಧರ್ಮ.

ಡಿಸೆಂಬರಿನಲ್ಲಿ ನಾವು ಗುತ್ತಿಗೆಯನ್ನು ಬೇಡವೆಂದೆವು. ಬೇಡವೆಂದು ಸುಮ್ಮನೆ ಕುಳಿತಿದ್ದರೆ ತಮ್ಮನಿಗೆ ಅನ್ಯಾಯವಾಗುತ್ತಿದ್ದಿತು. ಕಂತು ಕಟ್ಟುವ ಬಿಗಿಯನ್ನು ಪರರಿಗಾಗಿ ತಾಳಲು ಸಿದ್ಧರಾಗಿದ್ದ ನಾವು ಅದನ್ನು ನಮಗಾಗಿಯೇ ತಾಳಬಾರದೇಕೆ? ನಮ್ಮ ಸಂಬಳದಿಂದ ಮನೆಯನ್ನು ನಡೆಸಿ, ತಿಂಗಳಿಗೆ 12,000 ರೂಪಾಯಿಗಳನ್ನು ಅಂಚೆಕಚೇರಿಯಲ್ಲಿ ತಮ್ಮನ ಹೆಸರಿನಲ್ಲಿಯೇ ಕಟ್ಟುವುದೆಂದು ಗೊತ್ತುಮಾಡಿದೆವು. 36 ತಿಂಗಳಿಗೆ ಬಡ್ಡಿಯಲ್ಲದೆ 4,32,000 ಆಗುವುದು. ಆಗ ಅವನು ಬ್ಯಾಂಕಿನ ಬಾಗಿಲಿಗೆ ಹೋಗಿ, ನೋಂದಣಿ ಪತ್ರದಲ್ಲಿ ತನ್ನ ಹೆಸರಿರುವ ಲಾರಿಗೆ ಸಾಲವನ್ನು ಕೇಳಬಲ್ಲನು. ಇಂತಹ ಸಾಲ ಕೊಡುವವರು ಎಲ್ಲ ಶುಲ್ಕಗಳೂ ಸೇರಿ ವರ್ಷಕ್ಕೆ ಬೀಳುವ ದರವನ್ನು ಒಂದು ಮುಖ್ಯಾಂಶ ಪತ್ರದಲ್ಲಿ ಬರೆದುಕೊಡಬೇಕೆಂದು ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್ 1ರಿಂದ ಕಡ್ಡಾಯಮಾಡಿದೆ. ಅದನ್ನು ಕೇಳಿ ಪಡೆದು ಮನೆಯಲ್ಲಿ ಓದಿದ ಮೇಲೆಯೇ ಸಹಿಹಾಕತಕ್ಕದ್ದು.

ತಮ್ಮನು ಈಗಲೂ ಪರರ ಲಾರಿಯನ್ನೇ ನಡೆಸುತ್ತಿದ್ದಾನೆ. ಅವನ ಮನಸ್ಸಿನಲ್ಲಿ ಸ್ವಲ್ಪ ಕಹಿಯುಳಿದಿದೆಯೆಂಬುದನ್ನು ನಾವು ಬಲ್ಲೆವು. ನಲವತ್ತರ ಹತ್ತಿರದವನಿಗೆ ಮೂರು ವರ್ಷ ಕಾಯೆನ್ನುವುದು ಸಣ್ಣ ಮಾತಲ್ಲ. ಆದರೆ ಲೆಕ್ಕದ ಪುಸ್ತಕವನ್ನು ಅವನು ಬಿಟ್ಟಿಲ್ಲ. ಪ್ರತಿ ಸುತ್ತಿನ ದಿನಗಳನ್ನೂ ಡೀಸೆಲನ್ನೂ ಬರೆಯುತ್ತಲೇ ಇದ್ದಾನೆ. ಯಾವ ಕಚೇರಿಯು ಸರಕನ್ನು ಬೇಗ ಕೊಡುವುದು, ಯಾವ ಗೋದಾಮು ಕಾಯಿಸುವುದು ಎಂಬುದೆಲ್ಲವೂ ಅದರಲ್ಲಿ ಸೇರುತ್ತಿದೆ.

ಇಂತಹ ಕರಾರು ತಮ್ಮ ಮನೆಗೆ ಬಂದಾಗ ವಾಚಕರು ಕೇಳಿಕೊಳ್ಳತಕ್ಕ ಪ್ರಶ್ನೆಗಳು ಬಹಳವಿಲ್ಲ. ಪತ್ರದಲ್ಲಿ ಹೆಸರು ಯಾರದು? ಸರಕು ಬಾರದ ತಿಂಗಳಿನ ಕಂತು ಎಲ್ಲಿಂದ ಬರುವುದು? ಲೆಕ್ಕವು ಸರಿದೂಗಬೇಕಾದರೆ ಚಾಲಕನು ಎಷ್ಟು ಹೊತ್ತು ಮಲಗುವನು? ಈ ಮೂರಕ್ಕೂ ಸಮಾಧಾನವಾದ ಉತ್ತರ ದೊರೆತರೆ ಧೈರ್ಯವಾಗಿ ಮುಂದುವರಿಯಬಹುದು. ದೊರೆಯದಿದ್ದರೆ, ಆಸೆಯನ್ನು ಬಿಡಬೇಕಾಗಿಲ್ಲ. ಆ ಕರಾರನ್ನು ಬಿಟ್ಟರೆ ಸಾಕು.