ಶಂಕರಪುರದ ಮಲ್ಲಿಗೆ, ಹಡಗಲಿಯ ಮಲ್ಲಿಗೆ

ಕಟಪಾಡಿಯಲ್ಲಿ ಇಳಿದು ಶಿರ್ವದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆಲ್ಲ ಶಂಕರಪುರ ಬರುತ್ತದೆ. ಬೇಸಗೆಯ ಬೆಳಗಿನಲ್ಲಿ ಈ ಊರಿನ ಜಗಲಿಗಳಲ್ಲಿ ಬಿಡುವಾಗಿ ಕುಳಿತವರು ಸಿಗುವುದು ಕಷ್ಟ. ಅಜ್ಜಿ, ಸೊಸೆ, ಶಾಲೆಗೆ ರಜೆ ಇದ್ದರೆ ಮಕ್ಕಳೂ ಬಾಳೆನಾರು ಹಿಡಿದು ಮೊಗ್ಗು ಕಟ್ಟುತ್ತಿರುತ್ತಾರೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಸಂಜೆ ಅರಳುವ ಹೂವನ್ನು ಬೆಳಿಗ್ಗೆಯೇ ಕೊಯ್ದು, ಕಟ್ಟಿ, ಮಧ್ಯಾಹ್ನಕ್ಕೆ ಮುಂಚೆ ವ್ಯಾಪಾರಿಯ ಕೈಗೆ ಮುಟ್ಟಿಸಬೇಕು. ತಡವಾದರೆ ಹೂವಿಗೂ ಬೆಲೆಯಿಲ್ಲ, ಬೆವರಿಗೂ ಬೆಲೆಯಿಲ್ಲ.

ಆ ದಿನದ ದರ ನಿಗದಿಯಾಗುವುದು ಇದೇ ಊರಿನಲ್ಲಿ. ಮದುವೆ, ಭೂತಕೋಲ, ನಾಗಾರಾಧನೆಗಳು ಒಟ್ಟಿಗೆ ಬಂದ ದಿನ ಅಟ್ಟೆಯ ಬೆಲೆ ಎರಡು ಸಾವಿರ ರೂಪಾಯಿ ದಾಟಿದ್ದೂ ಉಂಟು. ಹೂ ರಾಶಿ ಬಿದ್ದ ದಿನ ನಾರಿನ ಖರ್ಚೂ ಹುಟ್ಟದೆ ಹೋಗುವುದುಂಟು. ಹಾಗಿದ್ದರೂ ಹತ್ತಿಪ್ಪತ್ತು ಸೆಂಟ್ಸ್ ಹಿತ್ತಿಲಿನ ಮಲ್ಲಿಗೆಯಿಂದಲೇ ಮಕ್ಕಳ ಫೀಸು ಕಟ್ಟಿದ ತಾಯಂದಿರು ಇಲ್ಲಿ ಬಹಳ ಮಂದಿ.

ಈಗ ಘಟ್ಟ ಹತ್ತಿ ಬಯಲುಸೀಮೆಗೆ ಹೋಗೋಣ. ಹೂವಿನ ಹಡಗಲಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಒಂದು ಮಗ್ಗುಲಿಗೆ ತುಂಗಭದ್ರೆ, ಮೈಲಾರಲಿಂಗನ ಜಾತ್ರೆ, ಮಾಗಳ ಮತ್ತು ಹಿರೇಹಡಗಲಿಯ ಹಳೆಯ ಗುಡಿಗಳು. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ಹಂಪಿಗೆ ಹೊಳೆಯ ಮೇಲೆ ಹಡಗಿನಲ್ಲಿ ಹೂ ಹೋಗುತ್ತಿತ್ತು, ಅದರಿಂದಲೇ ಊರಿಗೆ ಈ ಹೆಸರು ಎಂದು ಹಿರಿಯರು ಹೇಳುತ್ತಾರೆ. ಇಲ್ಲಿ ಮಲ್ಲಿಗೆ ಮನೆಯ ಅಂಗಳ ಬಿಟ್ಟು ಹೊಲಕ್ಕೇ ಇಳಿದಿದೆ. ನಸುಕಿನಲ್ಲಿ ಹೆಣ್ಣುಮಕ್ಕಳು ಮಡಿಲು ಕಟ್ಟಿಕೊಂಡು ಸಾಲು ಹಿಡಿದು ಬಿಡಿಸುತ್ತಾರೆ.

ಎರಡು ಊರಿನ ಹೂವಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಪೇಟೆಯಲ್ಲಿ ಎರಡಕ್ಕೂ ಮಲ್ಲಿಗೆ ಎಂದೇ ಹೆಸರು. ಆದರೆ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇವು ಒಡಹುಟ್ಟಿದವಲ್ಲ, ಸೋದರತ್ತೆಯ ಮಕ್ಕಳೆನ್ನಬಹುದು. ಶಂಕರಪುರದ್ದು ಜಾಸ್ಮಿನಮ್ ಸಂಬಾಕ್. ಅದರ ಎಲೆ ಅಗಲ, ಒಂಟಿ. ಹಡಗಲಿಯದು ಜಾಸ್ಮಿನಮ್ ಆರಿಕ್ಯುಲೇಟಮ್, ನಮ್ಮವರು ಸೂಜಿಮಲ್ಲಿಗೆ ಎನ್ನುವ ಜಾತಿ. ಲ್ಯಾಟಿನ್ನಿನಲ್ಲಿ ಆರಿಕ್ಯುಲ ಎಂದರೆ ಪುಟ್ಟ ಕಿವಿ. ದೊಡ್ಡ ಎಲೆಯ ಬುಡದಲ್ಲಿ ಎರಡು ಚಿಕ್ಕ ಎಲೆಗಳು ಕಿವಿಯಂತೆ ಅಂಟಿಕೊಂಡಿದ್ದರೆ ಅದು ಹಡಗಲಿಯ ಜಾತಿ. ಹೂ ಬಿಡುವ ಮೊದಲೇ ಗಿಡದ ಗುರುತು ಹಿಡಿಯಲು ಇಷ್ಟು ಸಾಕು.

ನೀರಿನ ಲೆಕ್ಕ

ಉಡುಪಿಯ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಹಡಗಲಿಯಲ್ಲಿ 600 ಮಿ.ಮೀ. ಬಂದರೆ ಆ ವರ್ಷ ಒಳ್ಳೆಯದು. ಹಾಗೆಂದು ಶಂಕರಪುರದ ಗಿಡ ನೀರಿನಲ್ಲಿ ನಿಂತು ಬದುಕುತ್ತದೆ ಎಂದುಕೊಳ್ಳಬಾರದು. ಬೇರಿಗೂ ಉಸಿರಾಟವಿದೆ. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬಿದರೆ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಅದಕ್ಕೇ ಕರಾವಳಿಯವರು ಮಣ್ಣು ಏರಿಸಿ ದಿಬ್ಬದ ಮೇಲೆ ಗಿಡ ನೆಡುತ್ತಾರೆ, ಮಳೆಗಾಲಕ್ಕೆ ಮೊದಲು ಕಣಿ ಬಿಡಿಸುತ್ತಾರೆ. ಕೆಳಗಿನ ಮುರಕಲ್ಲಿನ ಮಣ್ಣು ನೀರನ್ನು ಬೇಗ ಬಸಿದುಬಿಡುತ್ತದೆ. ಆದ್ದರಿಂದ ಅದೇ ಗಿಡಕ್ಕೆ ಬೇಸಗೆಯಲ್ಲಿ ತಪ್ಪದೆ ನೀರು ಉಣಿಸಬೇಕು.

ಹಡಗಲಿಯ ಗಿಡಕ್ಕೆ ಬಾಯಾರಿಕೆ ತಡೆಯುವ ಶಕ್ತಿ ಹೆಚ್ಚು. ಅಷ್ಟೇ ಅಲ್ಲ, ಅದಕ್ಕೆ ಒಂದಿಷ್ಟು ಕಾಲ ಬಾಯಾರಿಸಲೇಬೇಕು. ಚಳಿಗಾಲದಲ್ಲಿ ರೈತರು ನೀರು ನಿಲ್ಲಿಸುತ್ತಾರೆ. ಗಿಡ ಎಲೆ ಉದುರಿಸಿ ಸುಮ್ಮನಾಗುತ್ತದೆ. ಆಮೇಲೆ ಕತ್ತರಿ, ಗೊಬ್ಬರ, ನೀರು. ವಿಶ್ರಾಂತಿ ಪಡೆದ ಗಿಡ ಒಮ್ಮೆಲೇ ಚಿಗುರುತ್ತದೆ.

ಕತ್ತರಿ, ಗೊಬ್ಬರ

ಎರಡೂ ಜಾತಿಯಲ್ಲಿ ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಪ್ರೀತಿಯಿಂದ ಕತ್ತರಿ ಹಾಕದೆ ಬೆಳೆಸಿದ ಗಿಡದಲ್ಲಿ ಎಲೆ ದಂಡಿಯಾಗಿ, ಹೂ ಬೆರಳೆಣಿಕೆಯಾಗುವುದು ಇದರಿಂದಲೇ. ಆದರೆ ಸವರುವ ಕಾಲ ಬೇರೆ ಬೇರೆ. ಹಡಗಲಿಯ ಜಾತಿಗೆ ಜನವರಿಯ ಕೊನೆ ಹದವಾದ ಕಾಲ. ಮೊಣಕಾಲೆತ್ತರ ಉಳಿಸಿ ಕತ್ತರಿಸಿದರೆ ಮೇ ತಿಂಗಳ ಸುಮಾರಿಗೆ ಹೂ ಆರಂಭ. ಕರಾವಳಿಯಲ್ಲಿ ಮಳೆ ಹಿಂದೆ ಸರಿದ ಮೇಲೆ ಸವರುತ್ತಾರೆ. ಎಲ್ಲ ಗಿಡವನ್ನೂ ಒಮ್ಮೆಗೇ ಸವರದೆ ಸರದಿಯಂತೆ ಸವರುವ ಜಾಣರೂ ಇದ್ದಾರೆ. ಊರಿಗೆಲ್ಲ ಹೂ ಬಂದಾಗ ಬೆಲೆ ಬೀಳುತ್ತದೆ ಎಂಬುದು ಅವರಿಗೆ ಗೊತ್ತು.

ಗೊಬ್ಬರದ ವಿಷಯದಲ್ಲೂ ಮಳೆಯೇ ಯಜಮಾನ. ಕರಾವಳಿಯ ಜಡಿಮಳೆ ಮಣ್ಣಿನ ಸಾರವನ್ನು ತೊಳೆದುಕೊಂಡು ಹೋಗುತ್ತದೆ. ಅಲ್ಲಿ ನೆಲಗಡಲೆ ಹಿಂಡಿಯನ್ನು ಸೆಗಣಿಯ ಜೊತೆ ನೆನೆಸಿ, ತೆಳುವಾಗಿ ಕದಡಿ, ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಹಾಕುತ್ತಾರೆ. ಬಯಲುಸೀಮೆಯಲ್ಲಿ ಹಾಕಿದ ಸಾರ ಬೇಗ ಎಲ್ಲಿಗೂ ಹೋಗದು. ಸವರಿದ ಮೇಲೆ ಬುಡ ಬಿಡಿಸಿ ತಿಪ್ಪೆಗೊಬ್ಬರ ಕೊಟ್ಟರೆ ಅದು ಬಹುದಿನದ ಬುತ್ತಿ. ಒಂದು ಮಾತಿನಲ್ಲಿ ಮಾತ್ರ ಎರಡೂ ಗಿಡಗಳದು ಒಮ್ಮತ: ದಿನವಿಡೀ ಬಿಸಿಲು ಬೇಕು. ತೆಂಗಿನ ನೆರಳಿನಲ್ಲಿ ನೆಟ್ಟು ಹೂ ಬರಲಿಲ್ಲವೆಂದು ಗಿಡವನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಒಂದು ಅಂಗಳದ ಕಥೆ

ಹಡಗಲಿ ಕಡೆಯ ಹೆಣ್ಣುಮಗಳೊಬ್ಬರು ಯಜಮಾನರಿಗೆ ವರ್ಗವಾಗಿ ಉಡುಪಿಯ ಹತ್ತಿರ ಬಂದು ನೆಲೆಸಿದರು. ಬರುವಾಗ ತವರಿನ ಗಿಡದ ಕಡ್ಡಿಯನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ತಂದಿದ್ದರು. ತವರಿನಲ್ಲಿ ನೀರಿಗೆ ಎಷ್ಟು ತತ್ವಾರವೆಂದು ಕಂಡವರು. ಇಲ್ಲಾದರೂ ಗಿಡ ಹೊಟ್ಟೆ ತುಂಬ ಕುಡಿಯಲಿ ಎಂದು ಬಚ್ಚಲ ನೀರು ಹರಿಯುವ ತಗ್ಗಿನಲ್ಲಿ ನೆಟ್ಟರು. ಬೇಸಗೆಯಲ್ಲಿ ಬೆಳೆದ ಗಿಡ ಆಟಿ ತಿಂಗಳಲ್ಲಿ ಹಳದಿಯಾಯಿತು. ಅವರು ಇನ್ನಷ್ಟು ಗೊಬ್ಬರ ಹಾಕಿದರು. ಸೋಣೆಗೆ ಗಿಡ ಸತ್ತೇಹೋಯಿತು.

ಬೇಲಿಯಾಚೆ ಐವತ್ತು ಗಿಡ ಸಾಕಿದ ಅಜ್ಜಿ ಕಿತ್ತ ಬೇರನ್ನು ಮೂಸಿ ನೋಡಿ, "ಹಸಿವಿನಿಂದ ಸತ್ತದ್ದಲ್ಲ ಮಾರಾಯ್ತಿ, ಉಸಿರು ಕಟ್ಟಿ ಸತ್ತದ್ದು" ಎಂದರಂತೆ. "ನಮ್ಮ ಮಲ್ಲಿಗೆಯನ್ನೇ ನಾವು ದಿಬ್ಬದಲ್ಲಿ ಕೂರಿಸ್ತೇವೆ. ಬಯಲುಸೀಮೆಯ ಮಗುವನ್ನು ನೀನು ಹೊಂಡದಲ್ಲಿ ಇಟ್ಟೆಯಲ್ಲ!"

ಆ ಮಾತು ಅವರಿಗೆ ನಾಟಿತು. ಮುಂದಿನ ಸಲ ತವರಿಗೆ ಹೋದಾಗ ಮತ್ತೊಂದು ಕಡ್ಡಿ ತಂದರು. ಈ ಬಾರಿ ಬುಡಕ್ಕೆ ಇಟ್ಟಿಗೆ ಚೂರು ಹಾಸಿದ ದೊಡ್ಡ ಕುಂಡ, ಅರ್ಧ ಮರಳು ಬೆರೆಸಿದ ಕೆಮ್ಮಣ್ಣು. ಮಳೆಗಾಲದಲ್ಲಿ ಕುಂಡ ಸೂರಿನ ಕೆಳಗೆ, ಎರಚಲು ಬೀಳದ ಕಡೆ. ಉಳಿದ ಕಾಲದಲ್ಲಿ ಬಿಸಿಲಿಗೆ. ಅಜ್ಜಿ ಕೊಟ್ಟ ಶಂಕರಪುರದ ಗಿಡಕ್ಕೆ ಅಂಗಳದ ದಿಬ್ಬ. ಡಿಸೆಂಬರಿನಲ್ಲಿ ಒಂದಕ್ಕೆ ನೀರು, ಇನ್ನೊಂದಕ್ಕೆ ಉಪವಾಸ. ನೋಡಿದವರು, ಇದೇನು ಮಲತಾಯಿ ಧೋರಣೆ ಎಂದು ನಗುತ್ತಿದ್ದರು.

ದಿಬ್ಬದ ಗಿಡ ಬೇಸಗೆಯಲ್ಲಿ ಚೆಂಡುಗಟ್ಟಲೆ ಕೊಟ್ಟಿತು. ಕುಂಡದ ಗಿಡ ಹಡಗಲಿಯ ಹೊಲದಂತೆ ಎಂದೂ ಹೂ ಬಿಡಲಿಲ್ಲ. ಅದರ ಹೂವಿನ ಕಾಲಕ್ಕೇ ಇಲ್ಲಿ ಮೋಡ ಕವಿದಿರುತ್ತದೆ. ಆದರೆ ಆಟಿಯ ಒಂದು ಹೊಳವಿನ ದಿನ, ಊರಿನ ಗಿಡಗಳೆಲ್ಲ ಹೂ ಕಡಿಮೆ ಮಾಡಿದ್ದಾಗ, ಅದು ಒಂದು ಹಿಡಿ ಸೂಜಿಮೊಗ್ಗು ಕೊಟ್ಟಿತು. ಅಟ್ಟೆಗಿರಲಿ, ಚೆಂಡಿಗೂ ಸಾಲದಷ್ಟು. ಅವರು ಅದನ್ನು ಬಾಳೆನಾರಿನಲ್ಲಿ ಕಟ್ಟಿ, ಅರ್ಧ ತಾವು ಮುಡಿದು, ಉಳಿದರ್ಧವನ್ನು ಬೇಲಿಯಾಚೆಯ ಅಜ್ಜಿಗೆ ಕೊಟ್ಟರು.