ತುಂಗೆ-ಭದ್ರೆಯರ ತೀರದಲ್ಲಿ ಹೊಸ ರಕ್ತ

ಬೆಂಗಳೂರಿನಿಂದ ಹೊರಟ ರೈಲು ಬೀರೂರಿನಲ್ಲಿ ಹುಬ್ಬಳ್ಳಿಯ ದಾರಿಯನ್ನು ಬಿಟ್ಟು ಮಲೆನಾಡಿನತ್ತ ಹೊರಳುತ್ತದೆ. ತರೀಕೆರೆ ದಾಟಿದರೆ ಅಡಿಕೆ ತೋಟ, ತೆಂಗು, ಗದ್ದೆ. ಆಮೇಲೆ ಭದ್ರಾವತಿಯ ಕಾರ್ಖಾನೆ. ಅಲ್ಲಿಂದ ಶಿವಮೊಗ್ಗ ಸುಮಾರು 20 ಕಿಲೋಮೀಟರು. ಈ ಹಾದಿಯಲ್ಲಿ ವಿದ್ಯಾರ್ಥಿಗಳು, ನೌಕರರು, ಅಡಿಕೆ ವ್ಯಾಪಾರಿಗಳು ಓಡಾಡುತ್ತಾರೆ. ದಪ್ಪ ಫೈಲೊಂದನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡಾಸ್ಪತ್ರೆಗೆ ಹೊರಟ ತಾಯಿ, ಮಗನೂ ಅವರ ನಡುವೆ ಇರುತ್ತಾರೆ. ಅಸ್ಥಿಮಜ್ಜೆಯ ಕಸಿಗೆ ಹೋಗುವಾಗ ರೈಲು ನಡೆದೀತು. ಬರುವಾಗ ಜನರ ನೂಕುನುಗ್ಗಲು ಕೂಡದು. ಬಾಡಿಗೆ ಕಾರೇ ಆಗಬೇಕು.

ಭದ್ರಾವತಿಗೂ ರಕ್ತಕ್ಕೂ ನಂಟಿದೆ ಎಂದರೆ ವಿದ್ಯಾರ್ಥಿಗಳು ನಗಬಹುದು. ನಂಟು ಕಬ್ಬಿಣದ್ದು. ಒಂದು ಕಾಲಕ್ಕೆ ಬೆಂಕಿಪುರ ಎನಿಸಿಕೊಂಡಿದ್ದ ಈ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಆಸ್ಥೆಯಿಂದ ಎದ್ದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸತೊಡಗಿತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಸುತ್ತಲ ಕಾಡಿನದು. ಮನುಷ್ಯನ ಮೈಯಲ್ಲಿಯೂ 3-4 ಗ್ರಾಂ ಕಬ್ಬಿಣವಿದೆ. ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಇರುವುದು ರಕ್ತದ ಹಿಮೋಗ್ಲೋಬಿನ್ನಿನಲ್ಲಿ. ಆ ರಕ್ತ ತಯಾರಾಗುವ ಕುಲುಮೆಯೇ ಮೂಳೆಗಳೊಳಗಿನ ಮಜ್ಜೆ. ದೊಡ್ಡವರಲ್ಲಿ ಸೊಂಟದ ಮೂಳೆ, ಎದೆಚಕ್ಕೆ, ಬೆನ್ನುಮೂಳೆಗಳಲ್ಲಿ ಈ ಕೆಲಸ ಹಗಲಿರುಳು ನಡೆಯುತ್ತದೆ. ದಿನಕ್ಕೆ ಸುಮಾರು 20 ಸಾವಿರ ಕೋಟಿ ಕೆಂಪು ಕಣಗಳು! ಒಂದೊಂದರ ಆಯುಸ್ಸು ಸುಮಾರು 120 ದಿನ. ಕಾರ್ಖಾನೆಯ ಕುಲುಮೆ ಆರಿದರೂ ಊರು ಹೇಗೋ ಉಳಿದೀತು. ಮಜ್ಜೆಯ ಕುಲುಮೆ ಆರುವಂತಿಲ್ಲ.

ಅಪ್ಲಾಸ್ಟಿಕ್ ಅನೀಮಿಯದಲ್ಲಿ ಅದು ಆರುತ್ತದೆ. ರಕ್ತದ ಕ್ಯಾನ್ಸರಿನಲ್ಲಿ ಹುಚ್ಚೆದ್ದು ಉರಿಯುತ್ತದೆ. ಥಲಸ್ಸೀಮಿಯದಲ್ಲಿ ಸರಕೇ ಕಳಪೆಯಾಗಿ ಬರುತ್ತದೆ. ಆಗ ಹಳೆಯ ಮಜ್ಜೆಯನ್ನು ತೀಕ್ಷ್ಣ ಔಷಧಗಳಿಂದ ಬರಿದು ಮಾಡಿ ಬೇರೊಬ್ಬರ ಆಕರ ಕೋಶಗಳನ್ನು ಕೊಡುತ್ತಾರೆ. ಕಸಿ ಎಂದೊಡನೆ ಕತ್ತರಿ, ಹೊಲಿಗೆ ನೆನಪಾಗುವುದು ಸಹಜ. ಪಡೆಯುವವರಿಗೆ ಇಲ್ಲಿ ಅದೊಂದೂ ಇಲ್ಲ. ರಕ್ತ ಏರಿಸುವಂತೆಯೇ ರಕ್ತನಾಳಕ್ಕೆ ಹನಿಸುತ್ತಾರೆ, ಕೋಶಗಳು ತಮ್ಮ ದಾರಿ ತಾವೇ ಹುಡುಕಿಕೊಂಡು ಮೂಳೆಯೊಳಗೆ ಸೇರುತ್ತವೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಬಿಳಿಯ ಕಣಗಳು ತಲೆಯೆತ್ತುತ್ತವೆ. ಅಲ್ಲಿಯವರೆಗೆ ಮೈಗೆ ಕಾವಲುಗಾರನೇ ಇಲ್ಲ.

ಈ ವಿದ್ಯೆಯನ್ನು ಸಾಧಿಸಿದ ಅಮೆರಿಕದ ಇ. ಡೊನಾಲ್ ಥಾಮಸ್ ಅವರಿಗೆ 1990ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಭಾರತದಲ್ಲಿ ಇದು ಮೊದಲು ನಡೆದದ್ದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ 1986ರಲ್ಲಿ ಆರಂಭವಾಯಿತು. ಮಲೆನಾಡಿನವರು ಸಾಮಾನ್ಯವಾಗಿ ಹೋಗುವುದು ಬೆಂಗಳೂರಿಗೆ, ಇಲ್ಲವೇ ವೆಲ್ಲೂರಿಗೆ.

ಆಸ್ಪತ್ರೆಯಿಂದ ಬಿಡುಗಡೆಯಾದೊಡನೆ ಊರಿಗೆ ಬರುವಂತಿಲ್ಲ. ದಾನಿಯ ಕೋಶ ಪಡೆದವರು ಕಸಿಯಾದ ದಿನದಿಂದ ಸುಮಾರು 100 ದಿನ ಆಸ್ಪತ್ರೆಯ ಆಸುಪಾಸಿನಲ್ಲೇ ಇರಬೇಕು. ಹೊಸ ಕೋಶಗಳು ಪಡೆದವನ ಚರ್ಮ, ಕರುಳು, ಯಕೃತ್ತನ್ನು ಪರಕೀಯವೆಂದು ಬಗೆದು ಕಾದಾಡಬಹುದು. ಅದನ್ನು ತಡೆಯಲು ಗುಳಿಗೆ, ಗುಳಿಗೆಯ ಅಳತೆ ನೋಡಲು ಮತ್ತೆ ಮತ್ತೆ ರಕ್ತ ಪರೀಕ್ಷೆ. ಬಾಡಿಗೆ ಕೋಣೆ, ಒಂದು ಸ್ಟೌ, ಒಬ್ಬರು ಸದಾ ಜೊತೆಗೆ. ಊರಿನಲ್ಲಿ ತಂದೆಯ ಕೆಲಸ, ತಂಗಿಯ ಶಾಲೆ ನಡೆಯಬೇಕು. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಭದ್ರಾವತಿಯಲ್ಲಿ ಸಂಬಳದ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಬರೆಯುವವರು, ಫೈಲು ಹಿಡಿದು ಕಚೇರಿ ಅಲೆಯುವವರು, ಮನೆಯಲ್ಲಿ ಉಳಿದ ಮಕ್ಕಳಿಗೆ ಅನ್ನ ಹಾಕುವ ಪಕ್ಕದ ಮನೆಯವರು, ಇವರೆಲ್ಲ ಚಿಕಿತ್ಸೆಯ ಭಾಗವೇ.

ನಿಜವಾದ ಪರೀಕ್ಷೆ ಶುರುವಾಗುವುದು ಊರಿಗೆ ಬಂದ ಮೇಲೆ. ಅದು ಜುಲೈ ಎಂದಿಟ್ಟುಕೊಳ್ಳಿ. ಶಿವಮೊಗ್ಗದಲ್ಲಿ ಜನ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ತುಂಗೆಯನ್ನು ನೋಡಲು ಓಡುತ್ತಾರೆ. ಭದ್ರಾವತಿಯಲ್ಲಿ ಲಕ್ಕವಳ್ಳಿ ಅಣೆಕಟ್ಟಿನ ನೀರು 186 ಅಡಿ ಮುಟ್ಟಲು ಇನ್ನೆಷ್ಟು ಬಾಕಿ ಎಂಬ ಮಾತು. ಎಲ್ಲರಿಗೂ ಸಂಭ್ರಮ. ಆದರೆ ಕಸಿಯಾದವನ ಮನೆಯಲ್ಲಿ ಕಣ್ಣಿರುವುದು ಗೋಡೆಯ ಮೂಲೆಯ ಬೂಷ್ಟಿನ ಮೇಲೆ! ಉಳಿದವರಿಗೆ ಬರೀ ಕರಿಯ ಕಲೆಯಾದ ಆ ಶಿಲೀಂಧ್ರದ ಬೀಜಕಣ ಇವನ ಶ್ವಾಸಕೋಶದಲ್ಲಿ ಬೇರೂರಬಹುದು. ಸುಣ್ಣ ಮೊದಲೇ ಬಳಿದು ಒಣಗಿರಬೇಕು. ಅಡಿಕೆಯ ಹಳೆಯ ಗೋಣಿಚೀಲ ಹೊರಗೆ, ಹೂವಿನ ಕುಂಡ ಹೊರಗೆ, ಬಚ್ಚಲ ಒಲೆಯ ಹೊಗೆಯಿಂದ ಅವನು ದೂರ. ಕುದಿಸಿದ ನೀರು, ಬಿಸಿ ಗಂಜಿ, ಕಾವಲಿಯಿಂದ ಇಳಿಸಿದೊಡನೆ ಅಕ್ಕಿ ರೊಟ್ಟಿ. ಒಂದೆಲಗದ ಹಸಿ ತಂಬುಳಿ, ಕೋಸಂಬರಿ ವೈದ್ಯರು ಹೂಂ ಎನ್ನುವ ತನಕ ಬೇಡ. ಶಕ್ತಿ ಬರಲಿ ಎಂದು ಅಮೃತಬಳ್ಳಿಯ ಕಷಾಯ ತಂದುಕೊಡುವ ಹಿರಿಯರಿಗೂ ಕೈಮುಗಿದು ಬೇಡವೆನ್ನಬೇಕು. ರೋಗನಿರೋಧಕ ಶಕ್ತಿಯನ್ನು ವೈದ್ಯರು ಬೇಕೆಂದೇ ಹಿಡಿದಿಟ್ಟಿರುವಾಗ ಅದನ್ನು ಕೆರಳಿಸುವುದು ಜಾಣತನವಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ನೆಂಟರನ್ನು ತಡೆಯುವುದು. "ಹಂಗೇ ನೋಡ್ಕಂಡು ಹೋಗಣ ಅಂತ ಬಂದ್ವಿ" ಎಂದು ಹಣ್ಣಿನ ಚೀಲದೊಡನೆ ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆಯದಿರುವುದು ಮಲೆನಾಡಿನ ಮನೆಗಳಿಗೆ ಅಭ್ಯಾಸವಿಲ್ಲ. ತಿಳಿದವರು ಜಗಲಿಯಿಂದಲೇ ಮಾತಾಡಿಸುತ್ತಾರೆ, ನೆಗಡಿಯಿದ್ದರೆ ಅಷ್ಟೂ ಮಾಡುವುದಿಲ್ಲ. ಥರ್ಮಾಮೀಟರು ಕೈಗೆಟುಕುವಲ್ಲಿರಬೇಕು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯುವಂತಿಲ್ಲ. ಬೆಂಗಳೂರು ಸುಮಾರು 300 ಕಿಲೋಮೀಟರು ದೂರ. ಅಲ್ಲಿನ ವೈದ್ಯರಿಗೆ ಫೋನು ಮಾಡಿ, ಅವರ ಚೀಟಿಯೊಡನೆ ಹತ್ತಿರದ ದೊಡ್ಡಾಸ್ಪತ್ರೆಗೆ ಓಡಬೇಕು. ಸುತ್ತಲ ಊರುಗಳಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೇ ಆ ದೊಡ್ಡಾಸ್ಪತ್ರೆ. ನಡುರಾತ್ರಿ ಸ್ಕೂಟರು, ಕಾರು ತೆಗೆಯುವ ಪಕ್ಕದ ಮನೆಯ ಹುಡುಗನ ನಂಬರು ಗೋಡೆಯ ಮೇಲೆ ಬರೆದಿಟ್ಟಿರಬೇಕು.

ರಕ್ತದಾನಿಗಳದು ಇನ್ನೊಂದು ಬಗೆಯ ನೆರವು. ಕೆಂಪು ಕಣಗಳನ್ನು ಶೀತದಲ್ಲಿ ಕೆಲವು ವಾರ ಇಡಬಹುದು. ಪ್ಲೇಟ್‌ಲೆಟ್ಟುಗಳು ಸುಮಾರು 5 ದಿನವಷ್ಟೇ, ಅದೂ ಕೋಣೆಯ ಉಷ್ಣತೆಯಲ್ಲಿ ಸದಾ ಅಲುಗಾಡಿಸುತ್ತ. ಆದ್ದರಿಂದ ವರ್ಷಕ್ಕೊಂದು ಶಿಬಿರ ಸಾಲದು, ಕರೆದಾಗ ಬರುವವರು ಬೇಕು. ಒಡಹುಟ್ಟಿದವರ ಕೋಶ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಇದು ಮೆಂಡಲನ ಬಟಾಣಿಯ ಲೆಕ್ಕವೇ. ಹೊಂದದಿದ್ದವರಿಗಾಗಿ ಚೆನ್ನೈಯ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಸಂಸ್ಥೆಗಳು ದಾನಿಗಳ ಪಟ್ಟಿ ಇಟ್ಟಿವೆ. 18 ತುಂಬಿದ ಆರೋಗ್ಯವಂತರು ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಸವರಿ ಕೊಟ್ಟರೆ ಹೆಸರು ಸೇರುತ್ತದೆ. ಮುಂದೆ ಯಾರಿಗಾದರೂ ಹೊಂದಿದರೆ ಹೆಚ್ಚಾಗಿ ತೋಳಿನ ರಕ್ತನಾಳದಿಂದಲೇ ಕೋಶಗಳನ್ನು ತೆಗೆಯುತ್ತಾರೆ. ಸಹ್ಯಾದ್ರಿ ಕಾಲೇಜಿನಲ್ಲಿ ಓದುವವರಿಗೆ ಇದಕ್ಕಿಂತ ಒಳ್ಳೆಯ ಜೀವಶಾಸ್ತ್ರದ ಪ್ರಯೋಗ ಯಾವುದಿದೆ?

ಅಕ್ಕನ ಮಜ್ಜೆ ಪಡೆದ ತಮ್ಮನ ರಕ್ತದ ಗುಂಪು ಬೇರೆಯಾಗಿದ್ದರೆ ಕೆಲವು ತಿಂಗಳಲ್ಲಿ ಅಕ್ಕನ ಗುಂಪಿಗೆ ತಿರುಗುತ್ತದೆ. ಅವನ ಬಿಳಿಯ ಕಣಗಳ ವರ್ಣತಂತು ನೋಡಿದರೆ ಎಕ್ಸ್-ವೈ ಬದಲು ಎರಡು ಎಕ್ಸ್! ಬಾಲ್ಯದ ಲಸಿಕೆಗಳ ನೆನಪೂ ಹಳೆಯ ಮಜ್ಜೆಯೊಡನೆ ಬಹುಪಾಲು ಅಳಿಸಿಹೋಗಿರುತ್ತದೆ. ಆರು ತಿಂಗಳೋ ವರ್ಷವೋ ಕಳೆದ ಮೇಲೆ ಅವನ್ನು ಮತ್ತೆ ಒಂದೊಂದಾಗಿ ಹಾಕಿಸಬೇಕು. ದಡಾರದಂಥ ಜೀವಂತ ಲಸಿಕೆಗೆ ಕಡಿಮೆಯೆಂದರೂ ಎರಡು ವರ್ಷ ಕಾಯಬೇಕು. ಹಾಗಾಗಿ ಎಳೆಗೂಸುಗಳನ್ನು ಎತ್ತಿಕೊಂಡ ತಾಯಂದಿರ ಸಾಲಿನಲ್ಲಿ ಮೀಸೆ ಮೂಡಿದ ಹುಡುಗನೊಬ್ಬ ಅಮ್ಮನ ಪಕ್ಕದಲ್ಲಿ ಹೊಸ ಲಸಿಕೆ ಕಾರ್ಡು ಹಿಡಿದು ಕುಳಿತಿರುತ್ತಾನೆ. "ಮಗು ಎಲ್ಲಿ?" ಎಂದು ನರ್ಸಮ್ಮ ಕೇಳಿದರೆ ಅಮ್ಮ ಅವನ ಕಡೆ ಕೈ ತೋರಿಸುತ್ತಾಳೆ.