612 ಕಿಲೋಹರ್ಟ್ಸ್ ಮತ್ತು ನಮ್ಮ ಮಹಡಿಯ ತಂತಿ

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದಾಗ ಅವರ ಪ್ರೇಷಕದ ಶಕ್ತಿ ಕೇವಲ 30 ವಾಟ್. ‘ಆಕಾಶವಾಣಿ’ ಎಂಬ ಸುಂದರ ಹೆಸರು ಆ ಪುಟ್ಟ ಕೇಂದ್ರದಿಂದ ಬಂದದ್ದು. 1955ರಲ್ಲಿ ಬೆಂಗಳೂರು ಕೇಂದ್ರ ಆರಂಭವಾಯಿತು. ಮುಂದೆ ನಾವೆಲ್ಲ ಬೆಳಗಿನ ವಾರ್ತೆ ಕೇಳುತ್ತಿದ್ದ 612 ಕಿಲೋಹರ್ಟ್ಸ್‌ನ ಮಧ್ಯಮ ತರಂಗ ಪ್ರೇಷಕದ ಶಕ್ತಿ 200 ಕಿಲೋವಾಟ್ ಆಯಿತು. ಮೊದಲಿನ ಆರೂವರೆ ಸಾವಿರ ಪಟ್ಟಿಗೂ ಹೆಚ್ಚು!

ದೂರದ ಹಳ್ಳಿಯ ರೈತನಿಗೆ ಕೃಷಿರಂಗ ಕೇಳಿಸಬೇಕಾದರೆ ಅಷ್ಟು ಶಕ್ತಿ ಬೇಕು. ಆದರೆ ಅದೇ ನಗರದಲ್ಲಿ ವಾಸಿಸುವ ಹ್ಯಾಮ್‌ಗೆ, ಅಂದರೆ ಹವ್ಯಾಸಿ ರೇಡಿಯೋದವನಿಗೆ, ಅದರಿಂದ ಒಂದು ವಿಚಿತ್ರ ಸಮಸ್ಯೆ ಹುಟ್ಟುತ್ತದೆ. ಹತ್ತನೆಯ ತರಗತಿಯಲ್ಲಿ ನನ್ನಿಂದ ಓಮನ ನಿಯಮ ಕಲಿತವರಿಗೆ ಇದು ಕಷ್ಟವೇನಲ್ಲ, ಓದಿ.

ಆಂಟೆನಾ ಅನಲೈಸರ್ ಎಂಬ ಕೈಯಗಲದ ಉಪಕರಣವು ತಾನೇ ಒಂದು ಕ್ಷೀಣ ಸಂಕೇತವನ್ನು ಹುಟ್ಟಿಸಿ ಆಂಟೆನಾಗೆ ಕಳುಹಿಸುತ್ತದೆ. ಎಷ್ಟು ಪಾಲು ಹಿಂದಿರುಗಿತೆಂದು ಡಯೋಡ್‌ಗಳಿಂದ ಅಳೆದು ಎಸ್‌ಡಬ್ಲ್ಯುಆರ್ ಎಂಬ ಸಂಖ್ಯೆಯಾಗಿ ತೋರಿಸುತ್ತದೆ. 1 ಬಂದರೆ ಉತ್ತಮ. 3 ದಾಟಿದರೆ ಪ್ರೇಷಕಕ್ಕೆ ಹಿತವಲ್ಲ. ಹಳೆಯ ಮಾದರಿಗಳ ಆ ಡಯೋಡ್‌ಗೆ ತನ್ನವರು, ಪರರು ಎಂಬ ಭೇದವಿಲ್ಲ. 200 ಕಿಲೋವಾಟ್ ಪ್ರೇಷಕದಿಂದ ಹತ್ತು ಕಿಲೋಮೀಟರ್ ದೂರದಲ್ಲಿ, ನೆಲ ಪರಿಪೂರ್ಣ ವಾಹಕವಾಗಿದ್ದರೆ, ಮೀಟರಿಗೆ ಸುಮಾರು 0.4 ವೋಲ್ಟ್ ಕ್ಷೇತ್ರವಿರುತ್ತದೆ. ನಮ್ಮ ಮಣ್ಣಿನಲ್ಲಿ ಸ್ವಲ್ಪ ಕಡಿಮೆ. ಮೂರು ಮಹಡಿಯಿಂದ ಇಳಿದ ಕೇಬಲ್ಲು ಒಂದೆರಡು ವೋಲ್ಟನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಉಪಕರಣದ ಸ್ವಂತ ಸಂಕೇತವಾದರೋ ಕೆಲವೇ ಮಿಲಿವಾಟ್. ಸಂತೆಯ ನಡುವೆ ಪಿಸುಗುಟ್ಟಿ ಉತ್ತರಕ್ಕೆ ಕಾದಂತೆ.

ಬಸವೇಶ್ವರನಗರದ ನಮ್ಮ ಮನೆಗೆ ಮೇಲಂತಸ್ತು ಕಟ್ಟಿಸಿದಾಗ ಆಂಟೆನಾ ಇಳಿಸಿದ್ದೆವು. ಸಾಗರದಲ್ಲಿರುವ ನಮ್ಮ ಅಣ್ಣನವರೊಡನೆ ನಿತ್ಯವೂ ಬೆಳಿಗ್ಗೆ 7 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತಿದ್ದ ಸಂಭಾಷಣೆ ಅದರಿಂದ ಮೂರು ತಿಂಗಳು ನಿಂತಿತ್ತು. ಎಂಬತ್ತು ದಾಟಿದ ಅವರಿಗೆ ಫೋನಿನ ಮಾತು ತಿಳಿಯುವುದಿಲ್ಲ, ಬರಿಯ ಗದ್ದಲವೆನಿಸುತ್ತದಂತೆ. ಮೋರ್ಸ್ ಸಂಕೇತದ ಒಂದೇ ಸ್ವರದ ಕುಟ್-ಕುಟ್ ಮಾತ್ರ ಇಂದಿಗೂ ಸ್ಪಷ್ಟ. ಅತ್ತಿಗೆ ತೀರಿಕೊಂಡ ಮೇಲೆ ಅವರು ಮನಬಿಚ್ಚಿ ಮಾತನಾಡುವುದು ಆ ಅರ್ಧ ಗಂಟೆ ಮಾತ್ರ.

ಹ್ಯಾಮ್ ಆಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಭಾನುವಾರ ಅನಲೈಸರ್ ತಂದ. ನೀರಿನ ತೊಟ್ಟಿಯ ಕಂಬದಿಂದ ತೆಂಗಿನ ಮರದವರೆಗೆ, ಲೆಕ್ಕದ ಪ್ರಕಾರ ಇಪ್ಪತ್ತು ಮೀಟರ್ ತಂತಿ ಏರಿಸಿದೆವು. ಮುಳ್ಳು 3ರ ಆಚೆಯೇ ನಿಂತಿತು, ಆವರ್ತನ ಎಷ್ಟು ತಿರುಗಿಸಿದರೂ ಇಳಿಯಲಿಲ್ಲ. “ಉದ್ದ ಹೆಚ್ಚಾಗಿದೆ ಸಾರ್, ಎರಡೂ ಕಡೆ ಒಂದೊಂದು ಅಡಿ ಕತ್ತರಿಸೋಣ” ಎಂದು ಕಟಿಂಗ್ ಪ್ಲೈಯರ್ ಎತ್ತಿಕೊಂಡ. ಮುಳ್ಳು ಸಣ್ಣಗೆ ನಡುಗುತ್ತಿತ್ತು. ಆ ನಡುಕದಲ್ಲಿ ಒಂದು ಲಯವಿದ್ದಂತೆ ನನಗೆ ತೋರಿತು. ತಡೆಯಪ್ಪಾ ಎಂದೆ.

ಕೆಳಗಿನಿಂದ ನನ್ನ ಹಳೆಯ ತಗಡಿನ ಡಬ್ಬಿ ತರಿಸಿದೆ. (ಪ್ರಯೋಗಾಲಯದ ಆ ಡಬ್ಬಿ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.) ಕೇಬಲ್ಲಿನ ತುದಿಗೆ ಒಂದು ಓಎ79 ಡಯೋಡನ್ನೂ ಹಳೆಯ ಕ್ರಿಸ್ಟಲ್ ಇಯರ್‌ಫೋನನ್ನೂ ಜೋಡಿಸಿ ಅವನ ಕಿವಿಗಿಟ್ಟೆ. ಬ್ಯಾಟರಿಯಿಲ್ಲ, ಬೇರೇನೂ ಇಲ್ಲ. ಒಂದು ಕ್ಷಣ ಸುಮ್ಮನಿದ್ದು, “ಸಾರ್, ವೀಣೆ!” ಎಂದ. ಮುಳ್ಳನ್ನು ಎತ್ತಿಹಿಡಿದಿದ್ದುದು ಆ ವೀಣೆಯೇ.

ಅಂದು ರಾತ್ರಿ ಊಟ ಮುಗಿಸಿ, ಆಕಾಶವಾಣಿಯ ಪ್ರಸಾರ ಮುಗಿಯುವವರೆಗೆ ಕಾದು, ಟಾರ್ಚ್ ಹಿಡಿದು ಮತ್ತೆ ಮಹಡಿ ಹತ್ತಿದೆವು. ಅದೇ ತಂತಿ, ಅದೇ ಕೇಬಲ್. ಮುಳ್ಳು 7 ಮೆಗಾಹರ್ಟ್ಸ್ ಬಳಿ ಮೆಲ್ಲನೆ 1.3ಕ್ಕೆ ಇಳಿದು ಅಲುಗದೆ ನಿಂತಿತು.

ನಿತ್ಯ ಹೀಗೆ ನಿದ್ದೆಗೆಡಲಾಗದವರಿಗೆ ಬೇರೆ ಉಪಾಯವೂ ಇದೆ. ಉಪಕರಣಕ್ಕೂ ಕೇಬಲ್ಲಿಗೂ ನಡುವೆ, ಕೆಳ ಆವರ್ತನಗಳನ್ನು ತಡೆಯುವ ಹೈಪಾಸ್ ಫಿಲ್ಟರ್ ಕಟ್ಟಬಹುದು. ನಾಲ್ಕಾರು ಕೆಪಾಸಿಟರ್ ಮತ್ತು ಸುರುಳಿಗಳಷ್ಟೆ, ಸದರ್ ಪತ್ರಪ್ಪ ರಸ್ತೆಯಲ್ಲಿ ಸಿಗುತ್ತವೆ. ಆದರೆ ಫಿಲ್ಟರ್ ತಾನೂ ಅಳತೆಯನ್ನು ತಿದ್ದುತ್ತದೆ. ಮೊದಲು ಅದರ ತುದಿಗೆ 50 ಓಮ್ ರೋಧಕವನ್ನು ಹಾಕಿ 1 ಬರುತ್ತದೆಯೇ ಎಂದು ನೋಡಿಕೊಳ್ಳಬೇಕು. 1.8 ಮೆಗಾಹರ್ಟ್ಸ್‌ನ ಆಂಟೆನಾ ಅಳೆಯುವವರಿಗೆ ಇದು ಅಷ್ಟು ಉಪಯುಕ್ತವಲ್ಲ, 612 ಅದಕ್ಕೆ ತೀರ ಹತ್ತಿರ. ಈಗಿನ ಹುಡುಗರ ಅಗ್ಗದ ನ್ಯಾನೋವಿಎನ್‌ಎ ತನ್ನ ಆವರ್ತನವನ್ನಷ್ಟೇ ಆರಿಸಿ ಕೇಳುವುದರಿಂದ ಎಷ್ಟೋ ವಾಸಿ. ಆದರೂ ತೀರ ಪ್ರಬಲ ಸಂಕೇತಕ್ಕೆ ಅದರ ಚಿಪ್ಪೂ ಕಂಗೆಡುತ್ತದೆ. ಮೂಲ ಮಾದರಿಯಲ್ಲಿದ್ದ ಆ ಚಿಪ್ಪಿನ ಹೆಸರು ಎಸ್‌ಎ612 ಎಂದು ತಿಳಿದಾಗ ನಾನು ಬಹಳ ನಕ್ಕೆ.

ತಂತಿಯನ್ನು ಒಂದು ಅಂಗುಲವೂ ಕತ್ತರಿಸಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ಕೀಲಿ ಕುಟ್ಟಿ ಅಣ್ಣನವರನ್ನು ಕರೆದೆ. ಎರಡನೆಯ ಕರೆಗೆ ಉತ್ತರ ಬಂತು. ನಮಸ್ಕಾರವಿಲ್ಲ, ಕುಶಲ ಪ್ರಶ್ನೆಯಿಲ್ಲ. ಅಂಗಳದ ಹಲಸು ಈ ವರ್ಷ ಚೆನ್ನಾಗಿ ಕಾಯಿ ಬಿಟ್ಟಿದೆ, ಯಾವಾಗ ಬರುತ್ತೀಯೆ ಎಂದು ಕೇಳಿದರು.